ಎಲ್ಲ ಕಾರಿಗೂ ಒಂದೇ ಸ್ಟೇಷನ್

ತಂಗಿ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಅವಳ ಬಲಗೈ ಮಣಿಕಟ್ಟಿನ ಹತ್ತಿರ ತಿರುಗಬಾರದ ಕಡೆಗೆ ತಿರುಗಿತ್ತು. ಎಡಗೈಯಲ್ಲಿ ಅದನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದಳು. ಕಿವಿಯ ಹಿಂದಿನಿಂದ ಇಳಿದ ರಕ್ತ ಕುತ್ತಿಗೆಯ ಮೇಲೆ ಒಣಗಿ ಕಪ್ಪಾಗಿತ್ತು. ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

"ಮತ್ತೆ ಬಿದ್ಯಾ?" ಎಂದು ಕೇಳಿದ ಅಣ್ಣ. ಅವಳ ಮದುವೆಯಾದ ಎರಡು ವರ್ಷದಿಂದ ಅವನದು ಇದೇ ಪ್ರಶ್ನೆ, ಅವಳದು ಹೌದೆಂಬ ಒಂದೇ ಉತ್ತರ. ಬಚ್ಚಲಲ್ಲಿ ಬಿದ್ದೆ, ಮೆಟ್ಟಿಲಲ್ಲಿ ಬಿದ್ದೆ, ಕತ್ತಲಲ್ಲಿ ಬಾಗಿಲು ತಗುಲಿತು.

"ಇಲ್ಲ," ಎಂದಳು ಇವತ್ತು. "ಕಾರಿನ ಬಾಗ್ಲಲ್ಲಿ ಕೈ ಇಡಿಸಿ, ಬಾಗ್ಲು ಹಾಕ್ದ. ಒಂದ್ಸಲ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕ್ದ."

ಯಾರು ಎಂದು ಕೇಳುವಷ್ಟು ದಡ್ಡನಲ್ಲ ಅಣ್ಣ. ಆದರೆ ಎರಡು ವರ್ಷ ಅವಳ ಬಚ್ಚಲಿನ ಕಥೆ ನಂಬುವಷ್ಟು ದಡ್ಡನಾಗಿದ್ದ, ಅಥವಾ ನಂಬಿದರೆ ಸುಖವೆಂದು ನಂಬಿದ್ದ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಒಗೆದು, ಶಟರ್ ಎಳೆದು, ಅವಳನ್ನು ವ್ಯಾನಿಗೆ ಹತ್ತಿಸಿಕೊಂಡ. ಆಸ್ಪತ್ರೆ ಇದ್ದದ್ದು ರೈಲು ಹಳಿಯ ಆಚೆ.

ಊರಿನಲ್ಲಿ ಅಣ್ಣನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವನು 'ಹಲೋ'. ಹಳೇ ಕಾರುಗಳ ಸ್ಟೀರಿಯೋ ರಿಪೇರಿ ಅವನ ಕಸುಬು. ಕ್ಯಾಸೆಟ್ಟಿನ ಕಾಲ ಮುಗಿದು ಹಾಡೆಲ್ಲ ಫೋನಿನೊಳಗೆ ಸೇರಿಕೊಂಡ ಮೇಲೆ ಹಳೇ ಕಾರಿನವರ ಪಾಡು ನಾಯಿಪಾಡಾಗಿತ್ತು. ಫೋನಿನ ತುಂಬ ಹಾಡು, ಕಾರಿನ ಡಬ್ಬದೊಳಗೆ ಅದನ್ನು ಇಳಿಸುವ ದಾರಿ ಇಲ್ಲ. ಹಲೋ ಅದಕ್ಕೊಂದು ಮದ್ದು ಮಾಡಿದ್ದ. ಸಿಗರೇಟು ಹಚ್ಚುವ ತೂತಿಗೆ ಹೆಬ್ಬೆರಳಿನ ಗಾತ್ರದ ಟ್ರಾನ್ಸ್‌ಮಿಟರ್ ಸಿಕ್ಕಿಸುತ್ತಿದ್ದ. ಫೋನು ಅದಕ್ಕೆ ಹಾಡು ಕೊಡುತ್ತದೆ, ಅದು ತಾನೇ ಒಂದು ಮರಿ ರೇಡಿಯೋ ಸ್ಟೇಷನ್ ಆಗಿ ಹಾಡನ್ನು ಗಾಳಿಗೆ ಬಿಡುತ್ತದೆ, ಕಾರಿನ ಮುದಿ ರೇಡಿಯೋ ಅದನ್ನು ಹಿಡಿದು ಹಾಡುತ್ತದೆ. ಟ್ಯಾಕ್ಸಿ ಸ್ಟ್ಯಾಂಡಿನವರು ಅದನ್ನು ಗೂಟ ಎನ್ನುತ್ತಿದ್ದರು. "ನೋಡ್ರಪ್ಪಾ, ನಮ್ದೂ ಈಗ ಗೂಟದ ಕಾರು," ಎಂದು ಮಂತ್ರಿಗಳ ಗತ್ತಿನಲ್ಲಿ ಕಾಲ ಮೇಲೆ ಕಾಲು ಹಾಕುತ್ತಿದ್ದರು. ಕಾರಿನ ತಳ ತುಕ್ಕು ಹಿಡಿದು ರಸ್ತೆ ಕಾಣುತ್ತಿತ್ತು, ಒಳಗೆ ಮಾತ್ರ ಸಂಗೀತ ಕಚೇರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಹಲೋಗೆ ಒಂದು ಸೋಮಾರಿತನವಿತ್ತು. ಯಾರ ಕಾರು ಬಂದರೂ ಗೂಟವನ್ನೂ ರೇಡಿಯೋವನ್ನೂ ಒಂದೇ ಸ್ಟೇಷನ್ನಿಗೆ ಕೂರಿಸುತ್ತಿದ್ದ: ಎಂಬತ್ತೆಂಟು ಪಾಯಿಂಟ್ ಮೂರು. ಊರಲ್ಲಿ ಖಾಲಿ ಇರುವ ಜಾಗ ಅದೊಂದೇ ಎಂಬುದು ಅವನ ವಾದ. ನಿಜವೆಂದರೆ ಬೇರೆ ಹುಡುಕುವ ತಾಳ್ಮೆ ಇರಲಿಲ್ಲ. ಹೀಗಾಗಿ ಎರಡು ಕಾರು ಅಕ್ಕಪಕ್ಕ ನಿಂತರೆ ಒಬ್ಬನ ಹಾಡು ಇನ್ನೊಬ್ಬನ ಕಾರಿಗೆ ನುಗ್ಗುತ್ತಿತ್ತು. ಯಾರ ಗೂಟ ಜೋರೋ ಅವನ ಹಾಡಿಗೆ ಗೆಲುವು. ಸ್ಟ್ಯಾಂಡಿನಲ್ಲಿ ಇದೇ ವಿಷಯಕ್ಕೆ ಕೊರಳಪಟ್ಟಿ ಹಿಡಿದದ್ದೂ ಉಂಟು. ಹಲೋಗೆ ಮಾತ್ರ ಅದರಲ್ಲೊಂದು ಗುಟ್ಟಿನ ಸಂತೋಷ. ವ್ಯಾನಿನ ರೇಡಿಯೋವನ್ನು ಯಾವಾಗಲೂ ಅದೇ ಸ್ಟೇಷನ್ನಿನಲ್ಲಿಟ್ಟುಕೊಂಡು, ಬರುವ ಹಾಡಿನ ಮೇಲೆ ಯಾವ ಗಿರಾಕಿ ಹತ್ತಿರ ಇದ್ದಾನೆಂದು ಹೇಳಿಬಿಡುತ್ತಿದ್ದ.

ಅವನ ವ್ಯಾನಿನಲ್ಲಿ ಇದ್ದದ್ದು ದೊಡ್ಡ ಗೂಟ, ಅವನೇ ಕಟ್ಟಿದ್ದು. ಛಾವಣಿಗೆ ಉದ್ದನೆಯ ಏರಿಯಲ್, ಸುರುಳಿ ವೈರಿನ ತುದಿಗೆ ಒಂದು ಕೈಮೈಕು. ರಿಪೇರಿ ಮುಗಿದ ಕಾರುಗಳನ್ನು ಅಂಗಳದಲ್ಲಿ ನಿಲ್ಲಿಸಿ, ಮೈಕಿನ ಗುಂಡಿ ಒತ್ತಿ "ಹಲೋ ಹಲೋ, ಕೇಳಿಸ್ತಾ?" ಎಂದರೆ ಅಷ್ಟೂ ಕಾರಿನ ಹಾಡು ಅಡಗಿ ಅವನ ದನಿಯೇ ಬರುತ್ತಿತ್ತು. ಗುಂಡಿ ಬಿಟ್ಟರೆ ಅವರವರ ಹಾಡು ಅವರವರಿಗೆ. ಹೆಸರು ಬಂದದ್ದು ಹಾಗೆ.

ತಂಗಿಯ ಮದುವೆಗೆ ಅವನ ಉಡುಗೊರೆಯೂ ಅದೇ. ಭಾವ ಎಂದು ಕರೆಯುವ ಅವಳ ಗಂಡನ ಉದ್ದ ಮೂತಿಯ ಹಳೇ ಕಾರಿಗೆ ಗೂಟ ಹಾಕಿ, ನಾಲ್ಕು ಬಾಗಿಲಿಗೂ ಸ್ಪೀಕರ್ ಕೂರಿಸಿ, ಡಿಕ್ಕಿಯಲ್ಲಿ ಎದೆ ಗುದ್ದುವಂಥ ಬೇಸಿನ ಪೆಟ್ಟಿಗೆ ಇಟ್ಟುಕೊಟ್ಟಿದ್ದ. "ಭಾವ, ಕಿಟಕಿ ಏರಿಸಿ ಹಾಡು ಹಾಕಿದ್ರೆ ಪಕ್ಕದಲ್ಲಿ ಬಾಂಬ್ ಬಿದ್ರೂ ಗೊತ್ತಾಗಲ್ಲ," ಎಂದಿದ್ದ. ಭಾವ ನಕ್ಕು ಬೆನ್ನು ತಟ್ಟಿದ್ದ.

ರೈಲ್ವೆ ಗೇಟು ಬಿದ್ದಿತ್ತು. ಮಟಮಟ ಮಧ್ಯಾಹ್ನ, ರಸ್ತೆಯ ಒಂದು ಕಡೆ ಗೋಡೆ, ಇನ್ನೊಂದು ಕಡೆ ಚರಂಡಿ. ಮುಂದೆ ಅಜ್ಜನ ಟ್ಯಾಕ್ಸಿ, ಹಿಂದೆ ಉದ್ದಣ್ಣನ ಟ್ಯಾಕ್ಸಿ, ಅದರ ಹಿಂದೆ ಸ್ಟ್ಯಾಂಡಿನ ಇನ್ನೂ ಕೆಲವರು; ಊಟದ ಹೊತ್ತಿನ ರೈಲಿಗೆ ಬಾಡಿಗೆ ಹಿಡಿಯಲು ಹೊರಟವರು. ಅಜ್ಜ ಎಂದರೆ ಸ್ಟ್ಯಾಂಡಿನ ಎಲ್ಲರಿಗಿಂತ ಹಿರಿಯ ಡ್ರೈವರು, ಉದ್ದಣ್ಣ ಎಂದರೆ ಸೀಟನ್ನು ಹಿಂದಕ್ಕೆ ತಳ್ಳಿದರೂ ಮೊಣಕಾಲು ಸ್ಟೀರಿಂಗಿಗೆ ತಾಗುವವನು. ಧೂಳಿಗೂ ಬಿಸಿಲಿಗೂ ಹೆದರಿ ಎಲ್ಲರೂ ಗಾಜು ಏರಿಸಿದ್ದರು. ಹಲೋನ ರೇಡಿಯೋದಲ್ಲಿ ಅಜ್ಜನ ಹಳೇ ಹಾಡು ಸಣ್ಣಗೆ ಬರುತ್ತಿತ್ತು.

"ನೋವಾಗ್ತಿದ್ಯಾ?" ಎಂದ ಹಲೋ. ಪೆದ್ದ ಪ್ರಶ್ನೆ.

ಅಜ್ಜನ ಹಾಡು ಕರಕರ ಎಂದು ಒಡೆಯಿತು. ಅದರ ನಡುವಿನಿಂದ ಡ್ರಮ್ಮಿನ ಸದ್ದು ಎದ್ದಿತು, ಢಮ್ ಢಮ್ ಎಂದು. ಮದುವೆಮನೆಯಲ್ಲಿ ಹುಡುಗರು ಅಂಗಿ ಬಿಚ್ಚಿ ಕುಣಿಯುವಂಥ ಹಾಡು. ತಂಗಿ ಸೀಟಿನಿಂದ ಕೆಳಕ್ಕೆ ಜಾರಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಮುದುರಿಕೊಂಡಳು.

"ಬಂದ," ಎಂದಳು.

"ಯಾರೋ ಹಾಕಿರ್ತಾರೆ ಬಿಡೇ. ಆ ಹಾಡು ಊರಿಗೆಲ್ಲ ಗೊತ್ತು."

"ಅಣ್ಣ, ಹೊಡೆಯೋಕೆ ಮುಂಚೆ ಅವ್ನು ಹಾಕೋದು ಅದೇ ಹಾಡು. ಮನೇಲಿ ಹೊಡೆಯಲ್ಲ. ಗೋಡೆ ತೆಳು, ಪಕ್ಕದ್ಮನೆಯವ್ರಿಗೆ ಕೇಳುತ್ತೆ ಅಂತಾನೆ. ಕಾರಲ್ಲಿ ಕೂರಿಸ್ತಾನೆ, ಗಾಜು ಏರಿಸ್ತಾನೆ, ಹಾಡು ಜೋರು ಮಾಡ್ತಾನೆ. ಆಮೇಲೆ ಶುರು. ಹಾಡು ಮುಗಿದ್ರೆ ಮತ್ತೆ ಮೊದಲಿಂದ."

ಹಲೋ ಅವಳನ್ನೇ ನೋಡಿದ. ಆ ನಾಲ್ಕು ಸ್ಪೀಕರನ್ನೂ ತಾನೇ ಕೂರಿಸಿದ್ದ. ಸ್ಕ್ರೂ ಸಡಿಲವಾಗಿ ಗದಗುಟ್ಟಬಾರದೆಂದು ರಬ್ಬರು ಕೊಟ್ಟು ಬಿಗಿದಿದ್ದ. ಆ ಅಚ್ಚುಕಟ್ಟು ಈಗ ನೆನಪಾಯಿತು. ತನ್ನ ಕೈಯನ್ನೇ ಕಡಿದು ಚರಂಡಿಗೆ ಎಸೆಯಬೇಕೆನಿಸಿತು.

ಹಾಡು ಥಟ್ಟನೆ ನಿಂತಿತು. ರೇಡಿಯೋದಲ್ಲಿ ಹೆಂಗಸಿನ ದನಿ ಬಂತು, ಪಕ್ಕದಲ್ಲೇ ಕೂತು ಮಾತಾಡುವಷ್ಟು ಸ್ಪಷ್ಟವಾಗಿ.

"ಸಿಕ್ಕಿದ್ಲೇನೋ?"

ತಂಗಿಯ ಅತ್ತೆ. ಮಗನಿಗೆ ಫೋನು ಮಾಡಿದ್ದಳು, ಗೂಟ ಅದನ್ನೂ ಗಾಳಿಗೆ ಬಿಡುತ್ತಿತ್ತು. ಮಗನ ಮಾತು ಕೇಳುತ್ತಿರಲಿಲ್ಲ, ಅಮ್ಮನದು ಮಾತ್ರ.

"ಅಣ್ಣನ ವ್ಯಾನಲ್ಲಾ? ... ಇರ್ಲಿ ಬಿಡು, ಅವನೇನ್ ಮಾಡ್ತಾನೆ, ಹಲೋ ಅಂತಾನೆ ... ಕಾಯೋದೇನಕ್ಕೆ, ಇಳಿದು ಹೋಗು. ಗೇಟು ತೆಗೆಯೋಷ್ಟರಲ್ಲಿ ಎಳ್ಕೊಂಡು ಬಾ. ಆಸ್ಪತ್ರೆ ಮುಟ್ಟಿದ್ರೆ ಪೊಲೀಸ್ನೋರು ಬರ್ತಾರೆ." ಆಮೇಲೆ ಅಡುಗೆಗೆ ಉಪ್ಪು ಹೇಳುವಷ್ಟು ತಣ್ಣಗೆ: "ಕೈ ಮುರಿದ್ರೆ ಏನ್ ಬಂತು, ಕಾಲಿತ್ತು, ಓಡಿದ್ಲು. ಈ ಸಲ ಕಾಲು ನೋಡ್ಕೋ."

ಫೋನು ಕಟ್ಟಾಯಿತು. ಹಾಡು ಮತ್ತೆ ಮೊದಲಿಂದ ಶುರುವಾಯಿತು. ಈ ಸಲ ರೇಡಿಯೋದಿಂದ ಮಾತ್ರವಲ್ಲ, ಹೊರಗಿನಿಂದಲೂ. ಹಿಂದೆ ಯಾವುದೋ ಕಾರಿನ ಬಾಗಿಲು ತೆರೆದಿತ್ತು.

ಹಲೋ ಕನ್ನಡಿ ನೋಡಿದ. ಉದ್ದಣ್ಣನ ಟ್ಯಾಕ್ಸಿ ದಾಟಿ ಭಾವ ನಡೆದು ಬರುತ್ತಿದ್ದ. ಇಸ್ತ್ರಿ ಅಂಗಿ, ತೋಳು ಮೇಲಕ್ಕೆ ಮಡಚಿದ್ದ, ಕೈಯಲ್ಲಿ ಚಕ್ರ ಬಿಚ್ಚುವ ವೀಲ್ ಸ್ಪ್ಯಾನರು. ಅವಸರವೇ ಇಲ್ಲ. ಗೋದಾಮಿನಲ್ಲಿ ಮೂಟೆ ಎಣಿಸಲು ಹೊರಟ ಹಾಗೆ ಬರುತ್ತಿದ್ದ. ಹಲೋ ತನ್ನ ಬಾಗಿಲಿನ ಚಿಲಕ ಒತ್ತಿದ, ಎಲ್ಲ ಬಾಗಿಲೂ ಒಟ್ಟಿಗೆ ಭದ್ರವಾದವು. ವ್ಯಾನನ್ನು ಮುಂದಕ್ಕೂ ಹಿಂದಕ್ಕೂ ಸರಿಸುವಂತಿರಲಿಲ್ಲ.

"ಭಾವ, ಬೇಡ. ಕೂತು ಮಾತಾಡೋಣ," ಎಂದ ಗಾಜಿನೊಳಗಿಂದ. ಆಗಲೂ ಭಾವ ಎಂದೇ ಬಾಯಿಗೆ ಬಂತು.

ಮೊದಲ ಏಟಿಗೆ ಗಾಜು ಹಲೋನ ಮಡಿಲಿಗೆ ಸುರಿಯಿತು. ಎರಡನೆಯದು ಬಾಯಿಗೆ. ಮುಂದಿನ ಹಲ್ಲುಗಳು ನಾಲಿಗೆಯ ಮೇಲೆ ಬಿದ್ದದ್ದು ಅವನಿಗೆ ತಿಳಿಯಿತು, ಕಲ್ಲು ಬಂದ ಅನ್ನ ಬಾಯಿಗಿಟ್ಟ ಹಾಗೆ. ಕೈ ಚಾಚಿ ಸ್ಪ್ಯಾನರು ಹಿಡಿದ. ಭಾವ ಅದನ್ನು ಕಿಟಕಿಯ ಅಂಚಿಗಿಟ್ಟು ಕೆಳಕ್ಕೆ ಅದುಮಿದ. ಹಲೋನ ಎರಡು ಬೆರಳು ನಡುವೆ ಸಿಕ್ಕಿ ಮುರಿದವು. ಹಲೋ ಸೀಟಿನ ಮೇಲೆ ಅಡ್ಡ ಬಿದ್ದ.

ಭಾವ ಒಳಗೆ ಕೈ ಹಾಕಿ ಚಿಲಕ ಎತ್ತಿ, ಸುತ್ತಿ ಬಂದು ಆ ಕಡೆಯ ಬಾಗಿಲು ತೆರೆದ. ತಂಗಿಯ ಜುಟ್ಟಿಗೆ ಕೈ ಹಾಕಲಿಲ್ಲ, ತೋಳಿಗೆ ಹಾಕಲಿಲ್ಲ. ಆರಿಸಿ ಆರಿಸಿ ಮುರಿದ ಮಣಿಕಟ್ಟನ್ನೇ ಹಿಡಿದು ಎಳೆದ. ಅವಳು ಕಿರುಚಿದಳು. ರಸ್ತೆಗೆ ಬಿದ್ದವಳ ಮೊಣಕಾಲಿನ ಮೇಲೆ ಸ್ಪ್ಯಾನರು ಇಳಿಯಿತು. ಸರಿಯಾಗಿ ತಾಗಲಿಲ್ಲ, ಡಾಂಬರಿಗೆ ಬಡಿದು ಕಿಡಿ ಹಾರಿತು. ಅವನು ಒಂದು ಕಾಲನ್ನು ಅವಳ ತೊಡೆಯ ಮೇಲೆ ಊರಿ, ಅಲುಗಾಡದ ಹಾಗೆ ಒತ್ತಿ, ಮತ್ತೆ ಗುರಿ ಹಿಡಿದ.

ಸುತ್ತ ಅಷ್ಟೂ ಕಾರಿನಲ್ಲಿ ಜನರಿದ್ದರು. ಗಾಜು ಏರಿತ್ತು, ಒಳಗೆ ಅವರವರ ಹಾಡು. ಅಜ್ಜ ಮುಂದೆ ಸ್ಟೀರಿಂಗಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ. ಉದ್ದಣ್ಣ ಕಣ್ಣು ಮುಚ್ಚಿ ತಲೆ ಆನಿಸಿದ್ದ. ಹಿಂದಿನ ಕಾರಿನವನೊಬ್ಬ ನೋಡಿದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದುಕೊಂಡಿರಬೇಕು, ಮುಖ ತಿರುಗಿಸಿದ. ಈ ಗಾದೆ ಕಟ್ಟಿದವನು ಸಿಕ್ಕಿದ್ದರೆ ಆ ಹೊತ್ತಿಗೆ ಹಲೋ ಅವನ ಕತ್ತನ್ನೇ ಹಿಚುಕುತ್ತಿದ್ದ.

ಬಿದ್ದಲ್ಲೇ ಅವನ ಕೈಗೆ ಮೈಕು ಸಿಕ್ಕಿತು. ದೊಡ್ಡ ಗೂಟದ ಕೆಂಪು ದೀಪ ಉರಿಯುತ್ತಲೇ ಇತ್ತು. ಗುಂಡಿ ಒತ್ತಿ ಕೂಗಲು ನೋಡಿದ. ಬಾಯಿಂದ ರಕ್ತ ಬಂತು, ಮಾತು ಬರಲಿಲ್ಲ. ಜೀವಮಾನವೆಲ್ಲ ಹಲೋ ಹಲೋ ಎಂದವನಿಗೆ ಆಗ ಆ ಎರಡಕ್ಷರವೂ ಹೊರಡಲಿಲ್ಲ. ಗುಂಡಿ ಒತ್ತಿ ಹಿಡಿದೇ ಸೀಟಿನ ಮೇಲೆ ತೆವಳಿ, ಸುರುಳಿ ವೈರು ಪೂರ್ತಿ ಬಿಗಿಯುವ ತನಕ ಮೈಕನ್ನು ಬಾಗಿಲಾಚೆ ತಂಗಿಯ ಕಡೆಗೆ ಚಾಚಿದ.

ಸ್ಪ್ಯಾನರು ಇಳಿಯಿತು. ಅವಳು ಕಿರುಚಿದಳು.

ಆ ಕಿರುಚಾಟ ಅಜ್ಜನ ಟ್ಯಾಕ್ಸಿಯೊಳಗೆ ಬಂತು. ಉದ್ದಣ್ಣನ ತಲೆಯ ಹಿಂದಿನ ಸ್ಪೀಕರಿನಿಂದ ಬಂತು. ಸಾಲಿನಲ್ಲಿದ್ದ ಹಲೋನ ಅಷ್ಟೂ ಗಿರಾಕಿಗಳ ಹಾಡು ಸತ್ತು, ಒಬ್ಬ ಹೆಂಗಸು ಅವರವರ ಕಾರಿನೊಳಗೇ ಕೂತು "ಅಯ್ಯೋ ನನ್ನ ಕಾಲು! ಅಣ್ಣಾ! ಕೊಲ್ತಾನೆ!" ಎಂದು ಅರಚಿದಳು. ಬಾಗಿಲು ತೆರೆದಿದ್ದ ಆ ಉದ್ದ ಮೂತಿಯ ಕಾರಿನಿಂದಲೂ ಅದೇ ಬಂತು, ನಾಲ್ಕು ಬಾಗಿಲ ಸ್ಪೀಕರಿನಿಂದ, ಡಿಕ್ಕಿಯ ಬೇಸಿನ ಪೆಟ್ಟಿಗೆಯಿಂದ, ಗೋಡೆಗೆ ಬಡಿದು ವಾಪಸು ಬರುವಷ್ಟು ದಪ್ಪವಾಗಿ. ಭಾವ ಕೈ ಎತ್ತಿದವನು ಹಾಗೇ ನಿಂತು ತನ್ನ ಕಾರಿನ ಕಡೆ ತಿರುಗಿ ನೋಡಿದ. ಎರಡು ವರ್ಷ ಆ ಪೆಟ್ಟಿಗೆ ಅವನ ಮಾತು ಕೇಳಿತ್ತು.

ಬಾಗಿಲುಗಳು ತೆರೆದವು. ಮೊದಲು ಬಂದವನು ಅಜ್ಜ, ಕೈಗೆ ಸಿಕ್ಕ ಗಾಜು ಒರೆಸುವ ಬಟ್ಟೆ ಹಿಡಿದಿದ್ದ. ಅದನ್ನೇ ಹಿಂದಿನಿಂದ ಭಾವನ ಕುತ್ತಿಗೆಗೆ ಸುತ್ತಿ ಎಳೆದ. ಉದ್ದಣ್ಣ ಏನು ಎತ್ತ ಎಂದು ಕೇಳಲೇ ಇಲ್ಲ. ಬಂದವನೇ ಮೊಣಕಾಲಿಗೆ ಒದ್ದ. ಸ್ಪ್ಯಾನರು ಕೈ ತಪ್ಪಿ ಉರುಳಿತು. ಅಷ್ಟರಲ್ಲಿ ಉಳಿದವರೂ ಬಂದರು. ಭಾವ ಕೆಳಗೆ ಬಿದ್ದ. ಆಮೇಲೆ ಕಾಣುತ್ತಿದ್ದದ್ದು ಬೆನ್ನುಗಳು, ಮೇಲೇಳುವ ಮೊಣಕೈಗಳು, ಬೂಟುಗಳು.

ಹಲೋ ಮೈಕು ಬಿಟ್ಟ. ಬಿಟ್ಟ ಕೂಡಲೇ ಹಾಡುಗಳು ಅವರವರ ಕಾರಿಗೆ ಮರಳಿದವು. ತೆರೆದ ಬಾಗಿಲಿನ ಆ ಕಾರಿನಿಂದ ಢಮ್ ಢಮ್ ಮತ್ತೆ ಎದ್ದಿತು, ರಸ್ತೆಯ ತುಂಬ. ಅವನು ಇಳಿದು, ಸರಿಯಾಗಿದ್ದ ಕೈಯಲ್ಲಿ ಸ್ಪ್ಯಾನರು ಎತ್ತಿಕೊಂಡ. ಜನ ಜಾಗ ಬಿಟ್ಟರು. ಅವಳ ಅಣ್ಣನಲ್ಲವೇ, ಅವನಿಗೆ ಮೊದಲ ಹಕ್ಕು ಎಂಬಂತೆ.

ಹೆಗಲಿಗೆ ಒಂದು ಹಾಕಿದ. ಮೂಳೆ ಮುರಿದದ್ದು ಕಿವಿಗೆ ಕೇಳಲಿಲ್ಲ, ಅಂಗೈಗೆ ತಿಳಿಯಿತು. ಇನ್ನೊಂದು ಹಾಕಿದ, ಪಕ್ಕೆಗೆ. ಕೆಳಗಿದ್ದವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಏನು ಹೇಳುತ್ತಿದ್ದನೋ, ಹಾಡಿನಲ್ಲಿ ಒಂದೂ ಕೇಳಿಸುತ್ತಿರಲಿಲ್ಲ. ಕೇಳಿಸದ್ದರಿಂದ ಹೊಡೆಯುವುದು ಹಗುರವಾಗಿತ್ತು. ಸುಖವಾಗಿತ್ತು ಎಂದೇ ಹೇಳಬೇಕು, ಮುಚ್ಚುಮರೆ ಏಕೆ? ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಉದ್ದಣ್ಣನ ಬೂಟು ಬೀಳುತ್ತಿತ್ತು, ಅದು ಅವನಿಗೂ ಗೊತ್ತಿರಲಿಲ್ಲ. ರೈಲು ಬಂತು, ಹೋಯಿತು; ಎದುರಿನಿಂದ ಇನ್ನೊಂದು ಬರುವುದಿತ್ತು, ಗೇಟು ಏಳಲಿಲ್ಲ. ಯಾರೂ ತಲೆ ಎತ್ತಿ ನೋಡಲಿಲ್ಲ. ಹಲೋ ಭಾವನ ತಲೆಯ ಹತ್ತಿರ ಕಾಲೂರಿ ನಿಂತು, ಸ್ಪ್ಯಾನರನ್ನು ತನ್ನ ಹೆಗಲಿನಾಚೆಗೆ ಎತ್ತಿದ. ಇದೊಂದು ಬಿದ್ದರೆ ಮುಗಿಯುತ್ತಿತ್ತು. ಮುಗಿಸಬೇಕೆಂದೇ ಎತ್ತಿದ್ದ.

ಹಾಡು ನಿಂತಿತು.

ನಿಂತ ಜಾಗದಲ್ಲಿ ಒಂದು ದನಿ ಉಳಿಯಿತು. ಸಣ್ಣ, ಒದ್ದೆಯಾದ ದನಿ. "ಅಮ್ಮಾ," ಎನ್ನುತ್ತಿತ್ತು. "ಸಾಕು, ಸಾಕು, ಅಮ್ಮಾ." ಬಹಳ ಹೊತ್ತಿನಿಂದ ಅದನ್ನೇ ಹೇಳುತ್ತಿದ್ದಿರಬೇಕು, ಅಷ್ಟು ಸವೆದಿತ್ತು ಮಾತು. ಉದ್ದಣ್ಣ ಎತ್ತಿದ ಕಾಲನ್ನು ನಿಧಾನಕ್ಕೆ ಕೆಳಗಿಟ್ಟ. ಅಜ್ಜ ತನ್ನ ಕೈಯಲ್ಲಿದ್ದ ಬಟ್ಟೆ ನೋಡಿ, ಅದರ ಮೇಲಿನ ರಕ್ತ ನೋಡಿ, ಅದನ್ನು ಎಲ್ಲಿಡುವುದೆಂದು ತಿಳಿಯದೆ ಮಡಚಿದ. ಒಬ್ಬೊಬ್ಬರೇ ಹಿಂದೆ ಸರಿದರು. ಮಧ್ಯದಲ್ಲಿ ಹಲೋ ಒಬ್ಬನೇ ಉಳಿದ, ಎತ್ತಿದ ಕೈ ಎತ್ತಿದ ಹಾಗೇ ಇತ್ತು.

ಅವನು ತಿರುಗಿ ನೋಡಿದ. ತಂಗಿ ಒಂದೇ ಕಾಲಿನಲ್ಲಿ, ಕಾರುಗಳನ್ನು ಹಿಡಿದುಕೊಂಡು ಹಿಂದಕ್ಕೆ ಹೋಗಿದ್ದಳು. ಉದ್ದ ಮೂತಿಯ ಕಾರಿನೊಳಗೆ ಸೊಂಟದವರೆಗೆ ಬಾಗಿದ್ದಳು. ಎಡಗೈ ಸ್ಟೀರಿಯೋದ ಗುಂಡಿಯ ಮೇಲಿತ್ತು.

ಬಿದ್ದವನನ್ನು ಅಜ್ಜ ಮತ್ತು ಉದ್ದಣ್ಣ ಎತ್ತಿ ಅಜ್ಜನ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಒರಗಿಸಿ ಕೂರಿಸಿದರು. ಉಸಿರಿತ್ತು. ಆಸ್ಪತ್ರೆ ಎಲ್ಲರಿಗೂ ಒಂದೇ. ಪೊಲೀಸರಿಗೆ ಫೋನು ಮಾಡುತ್ತಿದ್ದೇನೆಂದು ಹಿಂದಿನಿಂದ ಯಾರೋ ಕೂಗಿ ಹೇಳಿದರು. ಮುಖ ತಿರುಗಿಸಿದವನೇ ಇರಬೇಕು.

ಹಲೋ ತಂಗಿಯನ್ನು ಎತ್ತಿ ತಂದು ವ್ಯಾನಿನಲ್ಲಿ ಕೂರಿಸಿದ. ಅವನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅದು ಈಗ ಅವಳ ಮೇಲೇ ತಿರುಗಿತು.

"ಯಾಕೇ ಆಫ್ ಮಾಡ್ದೆ?" ಎಂದ, ಹಲ್ಲಿಲ್ಲದ ಬಾಯಲ್ಲಿ ಮಾತು ಸೋರುತ್ತಿತ್ತು. "ಇನ್ನೊಂದೇ ಏಟು. ಪೀಡೆ ತೊಲಗ್ತಿತ್ತು."

ಅವಳು ಮುಂದಿನ ಟ್ಯಾಕ್ಸಿಯ ಹಿಂಗಾಜಿನಲ್ಲಿ ಕಾಣುತ್ತಿದ್ದ ಗಂಡನ ತಲೆಯನ್ನೇ ನೋಡುತ್ತಿದ್ದಳು.

"ಸದ್ದು ಕೇಳಿದ್ರೆ ಜನ ನಿಲ್ಲಿಸ್ತಾರಾ ಅಂತ ನೋಡ್ಬೇಕಿತ್ತು," ಎಂದಳು.

ಹಲೋ ಬಾಯಿಯ ರಕ್ತವನ್ನು ತೋಳಿಗೆ ಒರೆಸಿಕೊಂಡ.

"ನಿಲ್ಲಿಸ್ತಾರೆ ಕಣಣ್ಣ. ಇಷ್ಟೇ ಆಗಿತ್ತು ನೋಡು. ಆ ಗುಂಡಿ ಒಂದನ್ನ ತಿರುಗಿಸಿದ್ರೆ ಸಾಕಿತ್ತು." ಅವಳು ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಸ್ವಲ್ಪ ಎತ್ತಿ ತೋರಿಸಿದಳು. "ಬೆಳಿಗ್ಗೆ ನಾನು ಆ ಗುಂಡಿಗೇ ಕೈ ಹಾಕಿದ್ದೆ. ಅವ್ನು ಈ ಕೈನ ಬಾಗ್ಲಲ್ಲಿ ಇಡಿಸಿದ್ದು ಅದಕ್ಕೇ."

ಗೇಟು ಮೇಲೆದ್ದಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು.